ಜನವರಿ ಹದಿನಾಲ್ಕರ ಟಪಾಲು

ಫೆರ್ಸೇ ದ್ವೀಪ, ಆರ್ಕ್ನಿ
ಜೂನ್ ೨೬, ಶುಕ್ರವಾರ

ಪ್ರೀತಿಯ ಮೈಮಾ ಅತ್ತೆಗೆ,

ಹೇಗಿದ್ದೀರಿ? ಕರ್ಕ್‌ವಾಲಿನ ವೃದ್ಧಾಶ್ರಮದ ಆ ಹೊಸ ಕೋಣೆಯಲ್ಲಿ ನಿದ್ದೆ ಬರುತ್ತಿದೆಯೇ? ಪಕ್ಕದ ಕೋಣೆಯ ಅಜ್ಜ ಈಗಲೂ ಬೆಳಗಿನ ಐದಕ್ಕೇ ರೇಡಿಯೋ ಹಾಕುತ್ತಾರೆಯೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮನೆಯೂ ಚೆನ್ನಾಗಿದೆ. ಹಿತ್ತಲ ರೂಬಾರ್ಬ್ ಗಿಡ ಈ ವರ್ಷ ನನ್ನ ಸೊಂಟದವರೆಗೆ ಬಂದಿದೆ. ಅಂಗಡಿಯ ಎಫಿ ಬೇಕಿಯವರಿಗೆ ಎರಡು ಬುಟ್ಟಿ ಕೊಟ್ಟೆ. ಅವರು ಅದರ ಜಾಮ್ ಮಾಡಿ ನನಗೇ ಮಾರಲು ನೋಡಿದರು.

ನಿಮ್ಮ ಮೇ ತಿಂಗಳ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ಟಪಾಲು ದೋಣಿಯನ್ನು ದೂರುವಂತಿಲ್ಲ, ಈ ತಿಂಗಳು ಅದು ಒಂದು ದಿನವೂ ತಪ್ಪಿಲ್ಲ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಎದುರಿಗೆ ಬಾಯಿ ಬಾರದಿದ್ದರೂ ಕಾಗದದ ಮೇಲೆ ಇವಳು ಗಟ್ಟಿ ಎಂದು ನೀವು ಎಲ್ಲರಿಗೂ ಹೇಳುತ್ತಿದ್ದಿರಿ. ಅದೂ ಅಷ್ಟೇನೂ ನಿಜವಲ್ಲ. ನಿಮ್ಮ ಎಡಗಣ್ಣಿಗೆ ಆಯಾಸವಾಗದಿರಲೆಂದು ಅಕ್ಷರ ದೊಡ್ಡದು ಮಾಡಿದ್ದೇನೆ, ಹಾಗಾಗಿ ಹಾಳೆಗಳು ಜಾಸ್ತಿ. ದಿನಕ್ಕೆ ಎರಡೆರಡು ಓದಿದರೂ ಸಾಕು.

ಆದರೆ ಈ ಒಂದು ಮಾತನ್ನು ಇವತ್ತೇ ಓದಿಬಿಡಿ. "ನನ್ನ ತಲೆಯನ್ನು ನಾನೇ ನಂಬದ ಹಾಗಾಗಿದೆ, ಥೋರಾ. ಆಸ್ಪತ್ರೆಯ ಕಾಗದ ಹದಿನಾಲ್ಕಕ್ಕೇ ಬಂದಿತ್ತೋ ಏನೋ, ನಾನೇ ಎಲ್ಲೋ ಇಟ್ಟು ಮರೆತೆನೋ ಏನೋ" ಎಂದು ಬರೆದಿದ್ದಿರಿ. ಇಲ್ಲ ಅತ್ತೆ, ನೀವು ಮರೆತಿಲ್ಲ. ಕಾಗದ ಬಂದದ್ದು ಜನವರಿ ಇಪ್ಪತ್ತಕ್ಕೆ, ನೀವು ಮೊದಲಿನಿಂದ ಹೇಳಿದಂತೆಯೇ. ಇದು ಈಗ ನನ್ನ ಸಮಾಧಾನದ ಮಾತಲ್ಲ. ಕಳೆದ ವಾರ ನಮ್ಮೂರ ಸಭಾಭವನದಲ್ಲಿ ಎಂಬತ್ತು ಜನರ ಎದುರಿಗೆ ರುಜುವಾತಾಗಿ, ಸಂಸತ್ತಿನ ಸಮಿತಿಯ ಕಡತದಲ್ಲಿ ಸೇರಿದೆ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡಿ. ಎಲ್ಲವೂ ಒಂದು ಸಲ ಸಾಲಾಗಿ ಕಾಗದದ ಮೇಲೆ ಇರಲಿ ಎಂದು ನನ್ನಾಸೆ.

ನಿಮ್ಮ ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿ ಜನವರಿಯಲ್ಲಿ ಆಸ್ಪತ್ರೆಯಿಂದ ಕಾಗದ ಹೊರಟಿತು. ಹತ್ತೊಂಬತ್ತರೊಳಗೆ ಫೋನ್ ಮಾಡಿ ಒಪ್ಪಿಗೆ ಹೇಳಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಅದರಲ್ಲಿತ್ತು. ಇಪ್ಪತ್ತಕ್ಕೆ ಅದು ನಿಮ್ಮ ಕೈಗೆ ಬಂತು. ನೀವು ಕೋಟು ಕೂಡ ಕಳಚದೆ ಫೋನ್ ಮಾಡಿದಿರಿ, ಜಾಗ ಹೋಗಿತ್ತು. ಮುಂದಿನ ಸರದಿ ಬರುವ ಹೊತ್ತಿಗೆ ಆ ಕಣ್ಣಿನಲ್ಲಿ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಅಂಚೆಯವರಿಗೆ ದೂರು ಬರೆದಿರಿ. ಏಪ್ರಿಲ್‌ನಲ್ಲಿ ಉತ್ತರ ಬಂತು: "ನಮ್ಮ ದಾಖಲೆಯ ಪ್ರಕಾರ ಆ ವಾರದ ಟಪಾಲು ಫೆರ್ಸೇ ದ್ವೀಪಕ್ಕೆ, ನಿಮ್ಮ ರಸ್ತೆಯೂ ಸೇರಿದಂತೆ, ಜನವರಿ ೧೪ರಂದೇ ತಲುಪಿದೆ. ಕಾಗದವು ತಮ್ಮ ಗಮನಕ್ಕೆ ಬಾರದೆ ಉಳಿದಿರಬಹುದು."

ತಮ್ಮ ಗಮನಕ್ಕೆ! ಇಪ್ಪತ್ತಾರು ವರ್ಷ ಇದೇ ದ್ವೀಪದ ಅಂಚೆ ಕಿಟಕಿಯ ಹಿಂದೆ ಕೂತಿದ್ದ ನಿಮಗೆ ಈ ಮಾತು. ಆದರೆ ಜನವರಿಯಲ್ಲಿ ಯಾವ ದಿನ ದೋಣಿ ಬಂತು, ಯಾವ ದಿನ ಬರಲಿಲ್ಲ ಎಂದು ಏಪ್ರಿಲ್‌ನಲ್ಲಿ ಯಾರಿಗೆ ನೆನಪು? ನಮ್ಮ ಚಳಿಗಾಲದಲ್ಲಿ ಎಲ್ಲ ವಾರವೂ ಒಂದೇ ಥರ. ಆ ಟಪಾಲು ಹಂಚಿದ ಅಪ್ಪನೇ "ಇಪ್ಪತ್ತೇ ಅನ್ಸುತ್ತೆ ಅಕ್ಕಾ, ಆದ್ರೆ ಆಣೆ ಮಾಡು ಅಂದ್ರೆ ಮಾಡಲಾರೆ" ಎಂದರು. ಗೊತ್ತಿಲ್ಲದ್ದನ್ನು ಗೊತ್ತು ಎನ್ನಲು ಅವರಿಗೆ ಬರುವುದಿಲ್ಲ. ಊರಿನವರು ಪ್ರೀತಿಯಿಂದಲೇ "ಬಿಡು ಮೈಮಾ, ವಯಸ್ಸಾಯ್ತಲ್ಲ" ಎಂದರು. ಅದೇ ನಿಮ್ಮನ್ನು ಮುರಿಯಿತು. ಮೇ ಮೊದಲ ವಾರ, "ಒಲೆ ಆರಿಸಿದೀನೋ ಇಲ್ವೋ ಅನ್ನೋದೂ ಗೊತ್ತಾಗಲ್ಲ ನಂಗೆ" ಎಂದು ಪೆಟ್ಟಿಗೆ ತುಂಬಿಕೊಂಡು ಹೊರಟುಹೋದಿರಿ. ನಿಮ್ಮ ಮಹಡಿಯ ಕೋಣೆಯಲ್ಲಿ ಎಂಟು ತಿಂಗಳಿಂದ ಇದ್ದವಳು ನಾನು. ಒಲೆ ದಿನವೂ ಆರಿಸಿಯೇ ಇರುತ್ತಿತ್ತು, ಅತ್ತೆ.

ಈಗ ಕಳೆದ ವಾರದ ಸುದ್ದಿ. ಲಂಡನ್ನಿನಿಂದ ಸಂಸತ್ತಿನ ಸಮಿತಿಯೊಂದು ನಮ್ಮ ಜಲಸಂಧಿಯಲ್ಲಿ ತೇಲುವ ಹಳದಿ ಟರ್ಬೈನ್ ನೋಡಲು ಬಂತು. ಉಬ್ಬರವಿಳಿತದಿಂದ ಕರೆಂಟು ತೆಗೆಯುವವರಿಗೆ ಸರ್ಕಾರ ಬೆಂಬಲ ಬೆಲೆ ಮುಂದುವರಿಸಬೇಕೇ ಬೇಡವೇ ಎಂದು ಅವರು ಹೇಳಬೇಕಿತ್ತು. ಅಂಚೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತಿದೆಯೇ ಎಂದು ನೋಡುವ ಕೆಲಸವೂ ಅದೇ ಸಮಿತಿಯದು. ಬಂದದ್ದೇ ಬಂದೆವು ಎಂದು ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡಿದ್ದರು. ಬೆಳಿಗ್ಗೆ ಕಡಲು, ಊಟದ ಮೇಲೆ ಟಪಾಲು.

ಬೆಳಿಗ್ಗೆ ಟರ್ಬೈನ್ ಹತ್ತಿರ ಹೋಗಿಬಂದ ಸಮಿತಿಯ ಐದು ಜನರಲ್ಲಿ ಇಬ್ಬರ ಮುಖ ದೋಣಿಯ ಕುಲುಕಾಟಕ್ಕೆ ಎಲೆಕೋಸಿನ ಬಣ್ಣಕ್ಕೆ ತಿರುಗಿತ್ತು. ಏಡಿ ಹಿಡಿಯುವ ಜೀಮಿ ಫ್ಲೆಟ್ ಅಜ್ಜ ದೋಣಿಕಟ್ಟೆಯಲ್ಲಿ ಕೈಕೊಟ್ಟು ಅವರನ್ನು ಮೇಲೆ ಎಳೆಯುತ್ತಾ, "ಏನ್ ಸ್ವಾಮಿ, ಕರೆಂಟು ಹೊಡೀತಾ?" ಎಂದು ಕೇಳಿದರು. ಪಾಪ, ಒಬ್ಬರು ಹೌದು ಎಂದು ತಲೆಯಾಡಿಸಿದರು.

ಸಭಾಭವನ ತುಂಬಿಹೋಗಿತ್ತು. ಎಫಿಯವರು ಬಾರ್ಲಿ ರೊಟ್ಟಿ, ಏಡಿ, ಚೀಸ್ ಎಲ್ಲ ಹರಡಿಟ್ಟು, ಸಮಿತಿಯವರು ಮುಟ್ಟುವ ಮುಂಚೆ ಯಾರೂ ಮುಟ್ಟಕೂಡದು ಎಂದು ಕಾವಲು ನಿಂತಿದ್ದರು. ನಾನು ಕೆಲಸ ಮಾಡುವ ಟರ್ಬೈನ್ ಕಚೇರಿಯ ಎಂಜಿನಿಯರ್ ಕ್ಯಾಟ್ರಿನ್ ಮೊದಲು ಮಾತಾಡಿದಳು. ಸಮಿತಿಯ ಅಧ್ಯಕ್ಷೆ ಬೆಳ್ಳಿಕೂದಲಿನ, ಬಲು ಚುರುಕು ಕಣ್ಣಿನ ಹೆಂಗಸು. "ಈ ಕಡಲನ್ನ ಎಷ್ಟರ ಮಟ್ಟಿಗೆ ನಂಬಬಹುದು?" ಎಂದು ಕೇಳಿದರು.

"ಗಾಳಿ ಬೀಸದ ದಿನ ಇರುತ್ತೆ, ಬಿಸಿಲು ಇಲ್ಲದ ದಿನ ಇರುತ್ತೆ. ಚಂದ್ರ ರಜಾ ಹಾಕಿದ ದಿನ ಇಲ್ಲ ಮೇಡಂ," ಎಂದಳು ಕ್ಯಾಟ್ರಿನ್. "ನಾಲ್ಕು ವರ್ಷದಲ್ಲಿ ಈ ನೀರು ಏನು ಮಾಡ್ತು ಅನ್ನೋದು ದಿನದಿನವೂ ನಮ್ಮ ದಿನಚರೀಲಿದೆ. ಈಗ ಅದನ್ನ ಬರೆಯೋದು ನಮ್ಮ ಥೋರಾ."

ಎಂಬತ್ತು ತಲೆಗಳು ನನ್ನ ಕಡೆ ತಿರುಗಿದವು. ನಾನು ನನ್ನ ಬೂಟು ನೋಡಿಕೊಂಡೆ. ಸಾಹಿತ್ಯದಲ್ಲಿ ಪದವಿ ಮಾಡಿ ಬಂದವಳು ಅಲೆ ಇಷ್ಟು ಮೀಟರ್, ಸೆಳೆತ ಇಷ್ಟು ಎಂದು ಬರೆದು ಕೂತಿದ್ದಾಳೆ ಎಂದು ಊರಿನವರು ನಗುವುದು ನಿಮಗೆ ಗೊತ್ತಲ್ಲ. ಆ ನೀರಿನಲ್ಲಿ ಓಡಾಡುವ ದೋಣಿಗಳನ್ನೂ ದಿನವೂ ಬರೆದಿಡಬೇಕೆಂಬುದು ಕಚೇರಿಯ ನಿಯಮ.

ಊಟದ ಮೇಲೆ ಟಪಾಲಿನ ಸರದಿ. ಅಂಚೆಯ ಕಡೆಯಿಂದ ನೀಲಿ ಸೂಟಿನ ಅಧಿಕಾರಿಯೊಬ್ಬರು ಬಂದಿದ್ದರು. ಕೆಟ್ಟವರಲ್ಲ, ನಗುಮುಖದವರು. ಮೇಲ್ವಿಚಾರಣೆಗೆಂದು ಕೆಲವು ಮನೆಗಳಿಗೆ ಪರೀಕ್ಷೆಯ ಕಾಗದಗಳನ್ನು ಕಳಿಸುತ್ತಾರಂತೆ. ಕಾಗದ ಕೈಗೆ ಬಂದ ದಿನವನ್ನು ಮನೆಯವರು ಒಂದು ಚೀಟಿಯಲ್ಲಿ ಬರೆದು ವಾಪಸ್ ಕಳಿಸಬೇಕು. ಯಾರ ಮನೆ ಎನ್ನುವುದು ಗುಟ್ಟು. ಟಪಾಲು ಯಾವ ದಿನ ತಲುಪಿತು ಎನ್ನುವ ದಾಖಲೆಗೆ ಆ ಚೀಟಿಗಳೇ ಆಧಾರ. ಫೆರ್ಸೇಯಲ್ಲಿ ಅಂಥ ಮನೆ ಮೂರು. ಆ ಮೂರೂ ಮನೆಯ ಚೀಟಿಗಳ ಪ್ರಕಾರ ನೂರರಲ್ಲಿ ತೊಂಬತ್ತೆಂಟು ಕಾಗದ ಸಮಯಕ್ಕೆ ಸರಿಯಾಗಿ ಬಂದಿವೆ. "ಇಡೀ ದೇಶದಲ್ಲೇ ನಿಮ್ಮ ದ್ವೀಪ ಮೊದಲ ಸಾಲಿನಲ್ಲಿದೆ" ಎಂದರು. ಇಷ್ಟು ಚೆನ್ನಾಗಿ ನಡೆಯುವ ಕಡೆ ವಾರಕ್ಕೆ ಆರು ದಿನದ ಟಪಾಲು ದೋಣಿ ಬೇಕಿಲ್ಲ, ಮೂರು ದಿನ ಸಾಕು ಎಂದೂ ಹೇಳಿ, ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ತೆಗೆದು ಅಪ್ಪನನ್ನು ಮುಂದೆ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪ್ಪ ಆ ದಿನ ಟಪಾಲಿನ ಜಾಕೆಟ್ಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಮುಂದೆ ಹೋದರು. ಪ್ರಶಸ್ತಿಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪೂರ್ತಿ ಓದಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಇದು ನಂದಲ್ಲಮ್ಮ," ಎಂದರು ಅಧ್ಯಕ್ಷೆಗೆ.

"ಎರ್ಲೆಂಡ್ ಡ್ರೆವರ್ ಅಂದ್ರೆ ನೀವೇ ತಾನೆ?"

"ಹೆಸರು ನಂದೇ. ಕೆಲಸ ನಂದಲ್ಲ. ನಾನು ತಡವಾಗಿ ಕೊಟ್ಟ ಟಪಾಲಿಗೆ ನನಗೇ ಬಹುಮಾನ ಕೊಟ್ರೆ, ನಾಳೆ ಯಾವ ಮುಖ ಇಟ್ಕೊಂಡು ಬಾಗಿಲು ತಟ್ಟಲಿ?"

ನೀಲಿ ಸೂಟಿನವರು ನಕ್ಕರು. "ವಿನಯ ಜಾಸ್ತಿಯಾಯ್ತು ಎರ್ಲೆಂಡ್."

"ವಿನಯ ಅಲ್ಲ ಸಾರ್. ಈ ಚಳಿಗಾಲದಲ್ಲಿ ನಾನು ಎಷ್ಟು ದಿನ ತಡ ಅಂತ ಇಲ್ಲಿನ ನಾಯಿಗಳಿಗೂ ಗೊತ್ತು. ಎಲ್ಲಾ ಬೇಡ, ಒಂದೇ ಒಂದು ದಿನ ನೋಡೋಣ. ಜನವರಿ ಹದಿನಾಲ್ಕು. ಅವತ್ತು ಟಪಾಲು ಬಂದಿತ್ತು ಅಂತ ನಿಮ್ಮ ಕಚೇರಿ ನಮ್ಮ ಅಕ್ಕನಿಗೆ ಕಾಗದ ಬರೆದಿದೆ. ಆ ಕಾಗದ ಓದಿದ ಮೇಲೆ ಅವಳು ತನ್ನ ತಲೇನೇ ನಂಬ್ತಿಲ್ಲ. ಈ ನೀರು ಏನು ಮಾಡ್ತು ಅನ್ನೋದು ದಿನದಿನವೂ ಬರೆದಿದೀವಿ ಅಂತ ಬೆಳಿಗ್ಗೆ ಆ ಹುಡುಗಿ ಹೇಳಿದ್ಲಲ್ಲ? ತೆಗೀರಿ ಆ ಪುಸ್ತಕ."

ಅತ್ತೆ, ನಿಮ್ಮ ತಮ್ಮ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ?

ಕ್ಯಾಟ್ರಿನ್ ನನ್ನನ್ನು ನೋಡಿದಳು. ಕಚೇರಿ ಪಕ್ಕದಲ್ಲೇ. ಹೋಗಿ ದಿನಚರಿ ತಂದೆ. "ಜೋರಾಗಿ ಓದಮ್ಮಾ" ಎಂದರು ಅಧ್ಯಕ್ಷೆ. ಓದಿದೆ.

"ಜನವರಿ ೧೪, ಬುಧವಾರ. ಬೆಳಿಗ್ಗೆ ಎಂಟು. ಅಲೆ ಐದು ಮೀಟರ್. ಟರ್ಬೈನ್ ನಿಲ್ಲಿಸಿದೆ. ನಮ್ಮ ದೋಣಿ ಹೊರಟಿಲ್ಲ. ಟಪಾಲು ದೋಣಿ ಕಟ್ಟೆಯಲ್ಲಿ ಕಟ್ಟಿದೆ."

"ಚಂದ್ರ ರಜಾ ಹಾಕಲ್ಲ ಅಂದಿದ್ರಿ?" ಎಂದರು ಎಲೆಕೋಸಿನ ಮುಖದವರೊಬ್ಬರು.

"ಚಂದ್ರ ಹಾಕಿಲ್ಲ ಸಾರ್, ನಾವು ಹಾಕಿದ್ವಿ," ಎಂದಳು ಕ್ಯಾಟ್ರಿನ್. "ಹಾಕಿದ್ದನ್ನ ಬರೆದೂ ಇಟ್ಟಿದೀವಿ."

ಹನ್ನೆರಡರಿಂದ ಹತ್ತೊಂಬತ್ತರವರೆಗೆ ಒಂದೊಂದೇ ದಿನ ಓದಿಸಿದರು. ಎಲ್ಲ ದಿನವೂ ಟಪಾಲು ದೋಣಿ ಕಟ್ಟೆಯಲ್ಲೇ. ಆಮೇಲೆ ಇಪ್ಪತ್ತು, ಮಂಗಳವಾರ: "ಅಲೆ ಒಂದೂವರೆ ಮೀಟರ್. ಟಪಾಲು ದೋಣಿ ಏಳೂವರೆಗೆ ಹೊರಟು ಮಧ್ಯಾಹ್ನ ಎರಡಕ್ಕೆ ಎಂಟು ಚೀಲದೊಂದಿಗೆ ಬಂತು."

ಅಧ್ಯಕ್ಷೆ ಕನ್ನಡಕ ತೆಗೆದು ನೀಲಿ ಸೂಟಿನವರ ಕಡೆ ತಿರುಗಿದರು. "ದೋಣಿ ಕಟ್ಟೆಯಲ್ಲಿದೆ, ಕಾಗದ ಮಾತ್ರ ಮನೆಯಲ್ಲಿದೆ. ಈಜ್ಕೊಂಡು ಬಂತೇನ್ರೀ?"

ಯಾರೂ ನಗಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಜೀಮಿ ಅಜ್ಜ ಎದ್ದು ನಿಂತಿದ್ದರು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ.

"ಅಮ್ಮಾ, ಆ ಮೂರು ಮನೇಲಿ ಒಂದು ನಂದು."

"ನೀವು ಹದಿನಾಲ್ಕು ಅಂತ ಬರೆದ್ರಾ?"

"ಮತ್ತೆ? ತಡ ಅಂತ ಬರೆದ್ರೆ ಎರ್ಲೆಂಡ್‌ನ ಹಿಡ್ಕೊಂಡು ಬೈತಾರೆ. ನವೆಂಬರ್‌ನಲ್ಲಿ ಒಂದ್ಸಲ ಬೈಸ್ಕೊಂಡಿದ್ದ, ಪಾಪ. ದೋಣಿ ಬರದಿದ್ರೆ ಅವನೇನು ಮಾಡ್ತಾನೆ? ಹೊರಗಿನವರು ಬಂದು ಕೇಳಿದ್ರೆ ಈ ದ್ವೀಪದಲ್ಲಿ ಎಲ್ಲಾ ಚೆನ್ನಾಗೇ ಇರುತ್ತೆ ಕಣಮ್ಮಾ. ನಮ್ಮಪ್ಪನ ಕಾಲದಿಂದ್ಲೂ ಹಂಗೇ."

"ಕೂತ್ಕೊಳೋ ಜೀಮಿ, ನೀನೊಬ್ನೇ ದೊಡ್ಡ ಮನುಷ್ಯ ಆಗ್ಬೇಡ," ಎಂದು ರೊಟ್ಟಿಯ ಮೇಜಿನ ಹಿಂದಿನಿಂದ ಎಫಿಯವರು ಬಂದರು. "ಎರಡನೇ ಮನೆ ನಂದು. ನಾನು ಒಂದು ತಿಂಗಳಂತೂ ಎಲ್ಲಾ ಚೀಟೀನೂ ಒಂದೇ ಸಲ ಕೂತು ಬರೆದುಹಾಕಿದೆ, ಇನ್ನೂ ಬರದೇ ಇರೋ ಕಾಗದಕ್ಕೂ ಸೇರಿಸಿ. ಎಲ್ಲಾ ಸರಿಯಾದ ಟೈಮಿಗೇ ಬಂದಿದ್ವು."

ನೀಲಿ ಸೂಟಿನವರು ತಲೆಯ ಮೇಲೆ ಕೈಹೊತ್ತು ಕೂತರು. ಅಪ್ಪ ಇಬ್ಬರನ್ನೂ ನೋಡಿದರು. ಮುಖ ಕೆಂಪಗಾಗಿತ್ತು.

"ನಾನು ಕೇಳಿದ್ನಾ ನಿಮ್ಮನ್ನ?"

"ಕೇಳಿಲ್ಲ ಕಣೋ," ಎಂದರು ಜೀಮಿ ಅಜ್ಜ.

"ನನ್ನ ಮೇಲಿನ ಪ್ರೀತಿಗೆ ನಮ್ಮ ಅಕ್ಕನ್ನ ಮರೆಗುಳಿ ಮಾಡಿಬಿಟ್ರಲ್ಲ. ನನ್ನ ಬೈದಿದ್ರೆ ಬೈಸ್ಕೊತಿದ್ದೆ." ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿದರು. "ತಡ ಆಗಿದ್ದು ನಿಜ ಅಮ್ಮಾ. ನನ್ನ ತಡಾನ ನನಗೆ ವಾಪಸ್ ಕೊಡಿ. ಅದನ್ನ ನೋಡಿ, ನಮಗೆ ಅಲೆ ತಡ್ಕೊಳ್ಳೋ ಅಂಥ ಒಂದು ದೋಣಿ ಕೊಡಿ."

ಎಫಿಯವರಿಗೆ ಸುಮ್ಮನಿರಲಾಗಲಿಲ್ಲ. "ನಮ್ಮ ನೀರಿನ ಕರೆಂಟು ಕಣ್ಣು ಮಿಟುಕಿಸೋದ್ರಲ್ಲಿ ನಿಮ್ಮೂರಿಗೆ ಬರುತ್ತೆ. ಕರ್ಕ್‌ವಾಲಿಂದ ಒಂದು ಕಾಗದ ನಮ್ಮನೆಗೆ ಬರೋಕೆ ಎಂಟು ದಿನ. ಎರಡೂ ದಾಟೋದು ಅದೇ ನೀರು ತಾನೆ? ನೀವು ಒಂದಕ್ಕೆ ಬೆಂಬಲ ಕೊಟ್ಟು ಇನ್ನೊಂದನ್ನ ಕಿತ್ಕೊಂಡ್ರೆ ಹೆಂಗೆ?"

ಮೂರನೆಯ ಮನೆ ಯಾರದು ಎಂದು ಅಧ್ಯಕ್ಷೆ ಕೇಳಿದರು. ಯಾರೂ ಏಳಲಿಲ್ಲ. "ಇರಲಿ ಬಿಡಿ, ಈ ದಿನಚರಿಯೇ ಸಾಕು" ಎಂದು ಅವರು ಬರೆದುಕೊಂಡರು. ಹೊರಡುವಾಗ ನನ್ನ ಕೈ ಹಿಡಿದು, ಇಷ್ಟು ಸ್ವಚ್ಛವಾದ ಬರವಣಿಗೆ ನೋಡಿ ಬಹಳ ದಿನವಾಯಿತು ಎಂದರು. ನಾನು ದಿನಚರಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

ನಿನ್ನೆ ಸಮಿತಿಯ ಟಿಪ್ಪಣಿ ಬಂತು. ಫೆರ್ಸೇಯ ಆ ತೊಂಬತ್ತೆಂಟನ್ನು ಹೊಡೆದುಹಾಕಿದ್ದಾರೆ. ಮೂರು ದಿನದ ದೋಣಿಯ ಯೋಜನೆ ಬಿದ್ದುಹೋಗಿದೆ. ಆರು ದಿನವೂ ದೋಣಿ ಇರಬೇಕು, ಅದು ದೊಡ್ಡದಿರಬೇಕು ಎಂದು ಬರೆದಿದ್ದಾರೆ. ಕಡಲಿನ ಕರೆಂಟಿಗೆ ಬೆಂಬಲ ಬೆಲೆ ಮುಂದುವರಿಯಲಿ ಎಂದಿದ್ದಾರೆ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಯಂತ್ರ ನಿಂತ ದಿನವನ್ನೂ ಮುಚ್ಚಿಡದ ದಾಖಲೆ ಇಲ್ಲಿದೆ ಎನ್ನುವುದು. ಕ್ಯಾಟ್ರಿನ್ ಆ ಸಾಲನ್ನು ಓದಿ ಓದಿ ಕುಣಿದಳು. ನಿಮ್ಮ ಕ್ಷಮೆ ಕೇಳಿ ಅಧ್ಯಕ್ಷೆಯೇ ಸಹಿ ಮಾಡಿದ ಕಾಗದ ಬೇರೆಯಾಗಿ ನಿಮಗೆ ಬರುತ್ತದೆ. ಅದನ್ನು ಕಟ್ಟು ಹಾಕಿಸಿ, ಆ ರೇಡಿಯೋ ಅಜ್ಜನ ಕಡೆಯ ಗೋಡೆಗೇ ಮೊಳೆ ಹೊಡೆಯಿರಿ.

ಮಾರನೆಯ ದಿನ ಅಪ್ಪ ಟಪಾಲು ಹಂಚಲು ಹೊರಟಾಗ ಜನ ಬಾಗಿಲಲ್ಲಿ ಕಾದು ನಿಂತಿದ್ದರು, ಒಂದು ಕಾಗದವೂ ಇಲ್ಲದ ಮನೆಯವರು ಕೂಡ. ಜೀಮಿ ಅಜ್ಜ ಎರಡು ದಿನ ಅಪ್ಪನ ಕಣ್ಣು ತಪ್ಪಿಸಿ ಓಡಾಡಿದರು. ಮೂರನೆಯ ದಿನ ಅಪ್ಪನೇ ಅವರ ಬಾಗಿಲು ತಟ್ಟಿ, "ಟಪಾಲಿಲ್ಲ, ಟೀ ಇದ್ಯಾ?" ಎಂದರಂತೆ. ಬರುವ ಶನಿವಾರ ಜೀಮಿ ಅಜ್ಜ ಏಡಿ ತೆಗೆದುಕೊಂಡು ನಿಮ್ಮನ್ನು ನೋಡಲು ಬರುತ್ತಾರೆ. ಗಟ್ಟಿಯಾಗಿ ಬೈಯಿರಿ, ಆದರೆ ಏಡಿ ಇಸಿದುಕೊಂಡ ಮೇಲೆ.

ಅತ್ತೆ, ನನಗೆ ಈ ದ್ವೀಪದ ಬಗ್ಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ತನ್ನ ತಪ್ಪನ್ನು ತನಗೇ ಕೊಡಿ ಎಂದು ಸಂಸತ್ತಿನವರ ಹತ್ತಿರ ಕೇಳಿ ಪಡೆದವರು ನನ್ನ ಅಪ್ಪ. ಅವತ್ತು ಮನೆಗೆ ನಡೆದು ಹೋಗುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇಡೀ ಊರಲ್ಲಿ ನಿಜ ಬರೆದಿಟ್ಟೋಳು ನೀನೊಬ್ಳೇ ಕಣೆ" ಎಂದರು. ನಿಮಗೆ ಅದನ್ನು ತಿಳಿಸಬೇಕೆಂದೂ ಹೇಳಿದ್ದಾರೆ.

ಎಡಗಣ್ಣನ್ನು ಜೋಪಾನ ಮಾಡಿ. ಬೆಳಕಿನಲ್ಲೇ ಓದಿ, ಹೊಟ್ಟೆ ತುಂಬ ಉಣ್ಣಿ, ಚಳಿ ಬರುವ ಮುಂಚೆ ನಿಮ್ಮ ಮನೆಗೆ ನೀವು ನಡೆದು ಬರುವ ಹಾಗೆ ದೇವರು ಮಾಡಲಿ. ನಿಮ್ಮ ತಲೆ ನಮ್ಮೆಲ್ಲರ ತಲೆಗಿಂತ ನೆಟ್ಟಗಿದೆ.

ನಿಮ್ಮ ಪ್ರೀತಿಯ
ಥೋರಾ

ಮರೆಯದೆ ಬರೆಯುತ್ತಿರುವುದು: ಈ ಕೊನೆಯ ಹಾಳೆಯನ್ನು ಯಾರ ಕೈಯಲ್ಲೂ ಓದಿಸಬೇಡಿ. ಎಷ್ಟು ಹೊತ್ತಾದರೂ ನೀವೇ ಓದಿ.

ಮೂರನೆಯ ಮನೆ ನಿಮ್ಮದು. ಇಲ್ಲಿಗೆ ಬಂದ ಹೊಸದರಲ್ಲಿ ನಿಮ್ಮ ವಿಳಾಸ ಕೊಟ್ಟು ಪರೀಕ್ಷೆಯ ಕಾಗದಗಳಿಗೆ ಹೆಸರು ಬರೆಸಿದವಳು ನಾನು. ಹದಿನಾಲ್ಕರ ಬೆಳಿಗ್ಗೆ ದೋಣಿ ಕಟ್ಟೆಯಲ್ಲಿದೆ ಎಂದು ದಿನಚರಿಯಲ್ಲಿ ಬರೆದದ್ದೂ ನಾನೇ; ಇಪ್ಪತ್ತರ ಚೀಲದಲ್ಲಿ ಬಂದ ಪರೀಕ್ಷೆಯ ಕಾಗದಕ್ಕೆ "ಜನವರಿ ೧೪" ಎಂದು ಚೀಟಿ ತುಂಬಿದ್ದೂ ನಾನೇ. ಅಪ್ಪನಿಗೆ ಇನ್ನೊಂದು ಬೈಗುಳ ಬೇಡ ಎಂದಷ್ಟೇ ನನ್ನ ತಲೆಯಲ್ಲಿತ್ತು. ಏಪ್ರಿಲ್‌ನಲ್ಲಿ ನೀವು ಅಂಚೆಯವರ ಉತ್ತರವನ್ನು ನನ್ನ ಕೈಗೆ ಕೊಟ್ಟು ಓದು ಎಂದಾಗ, "ನಿಮ್ಮ ರಸ್ತೆಯೂ ಸೇರಿದಂತೆ" ಎನ್ನುವ ಮಾತು ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮ ರಸ್ತೆಯಲ್ಲಿ ಇರುವುದು ಒಂದೇ ಮನೆ. ದಿನಚರಿ ನನ್ನ ಬೀರುವಿನಲ್ಲೇ ಇತ್ತು. ನೀವು ಪೆಟ್ಟಿಗೆ ತುಂಬುವುದನ್ನು ನೋಡುತ್ತಾ ನಿಂತೆ. ಸಭೆಯಲ್ಲೂ ಪುಸ್ತಕ ಹಿಡಿದು ನಿಂತೇ ಇದ್ದೆ, ಬಾಯಿ ಬರಲಿಲ್ಲ. ಇವತ್ತು ಅಧ್ಯಕ್ಷೆಗೆ ಬರೆದಿದ್ದೇನೆ. ಸಂಜೆ ಅಪ್ಪನಿಗೆ ಹೇಳುತ್ತೇನೆ.

ಆ ಚೀಟಿ ತುಂಬಿದ್ದು ಜನವರಿ ಇಪ್ಪತ್ತರ ಸಂಜೆ, ನಿಮ್ಮ ಅಡುಗೆಮನೆಯ ಮೇಜಿನ ಮೇಲೆ. ನೀವು ಆಸ್ಪತ್ರೆಗೆ ಫೋನ್ ಮಾಡಿ, ಜಾಗ ಹೋಯಿತು ಎಂದು ಕೇಳಿ, ಎದ್ದು ನನಗೆ ಚಹಾ ಮಾಡಿ ತಂದಿರಿ. "ಏನು ಬರೀತಿದೀಯೆ, ಪದ್ಯಾನಾ?" ಎಂದು ಕೇಳಿದಿರಿ.

ನಾನು ಹೂಂ ಎಂದೆ.